ಬಾಣಂತಿಯ ಬಾಯಾರಿಕೆ

ತಿರ್ಲಾಪುರದ ಗೌರಕ್ಕ ಮೂವತ್ತಾರಕ್ಕೆಲ್ಲ ಅಜ್ಜಿಯಾದಳು. ಅದೇನು ದೊಡ್ಡ ಸುದ್ದಿಯಲ್ಲ. ಆ ವಯಸ್ಸಿಗೆ ಅಜ್ಜಿಯಾದವರು ಅವಳ ಓಣಿಯಲ್ಲೇ ಮೂರ್ನಾಲ್ಕು ಜನ ಇದ್ದರು. ಸುದ್ದಿ ಏನೆಂದರೆ, ಮೊಮ್ಮಗಳು ಹುಟ್ಟಿದ ದಿನ ಗೌರಕ್ಕನ ಮಡಿಲಲ್ಲಿ ಅವಳದೇ ಎರಡು ವರ್ಷದ ಮಗ ಮಡಿವಾಳೆಪ್ಪ ಇನ್ನೂ ಎದೆಹಾಲು ಕುಡಿಯುತ್ತಿದ್ದ. ಮಗಳು ಅನ್ನವ್ವ ಹುಟ್ಟಿದ ಮೇಲೆ ವರ್ಷಾನುಗಟ್ಟಲೆ ಬಸುರು ನಿಲ್ಲದೆ, ಕಂಡ ದೇವರಿಗೆಲ್ಲ ಕಾಯಿ ಒಡೆದು ಸೋತು, ಇನ್ನು ಇಷ್ಟೇ ಎಂದು ಕೈಬಿಟ್ಟು ಮಗಳನ್ನು ಕುಂದಗೋಳಕ್ಕೆ ಕೊಟ್ಟು ಲಗ್ನ ಮಾಡುವ ಹೊತ್ತಿಗೆ ಸರಿಯಾಗಿ ಗೌರಕ್ಕನಿಗೆ ದಿನ ನಿಂತವು. ಹಂದರದಲ್ಲಿ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು, "ನಾವು ಮಗಳ ಲಗ್ನಕ್ಕ ಬಂದೇವೊ, ಬಸುರಿ ಅವ್ವನ ಕುಬಸಕ್ಕ ಬಂದೇವೊ?" ಎಂದು ಕಿಸಿಕಿಸಿ ನಕ್ಕಿದ್ದರು. ಆ ನಗು ಗೌರಕ್ಕನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಈಗ ಮಗಳು ಚೊಚ್ಚಲ ಬಾಣಂತನಕ್ಕೆ ಬಂದು ಒಂದೇ ಮನೆಯಲ್ಲಿ ತಾಯಿ-ಮಗಳು ಇಬ್ಬರೂ ಹಾಲೂಡಿಸುವವರಾದರೆ ಜನ ಏನಂದಾರು ಎಂಬ ಚಿಂತೆ ಅವಳಿಗೆ ಮೊದಲೇ ಹತ್ತಿಕೊಂಡಿತ್ತು.

ಮನೆಯ ಯಜಮಾನಿಕೆ ಮಾತ್ರ ಗೌರಕ್ಕನದಲ್ಲ. ಅವಳ ಗಂಡ ಶಂಕ್ರಪ್ಪ ಎರೆಹೊಲದ ಹತ್ತಿ, ಕಡಲೆ, ಒಂದು ಎಮ್ಮೆ ಇಷ್ಟರಲ್ಲಿ ಮುಳುಗಿದವನು. ಉಪ್ಪಿನ ಹರಳಿನಿಂದ ಹಿಡಿದು ಎತ್ತಿನ ವ್ಯಾಪಾರದವರೆಗೆ ನಡೆಯುತ್ತಿದ್ದುದು ಅವನ ತಾಯಿ ಮಲ್ಲಕ್ಕನ ಮಾತು. ಎಪ್ಪತ್ತರ ಹತ್ತಿರ ಬಂದರೂ ಹಲ್ಲು ಗಟ್ಟಿ, ದನಿ ಅದಕ್ಕಿಂತ ಗಟ್ಟಿ.

ಮಲ್ಲಕ್ಕ ಕೂಸನ್ನು ಮೊರದಲ್ಲಿ ನೋಡಿದವಳೇ ತೀರ್ಪು ಕೊಟ್ಟಳು.

"ಹೆಣ್ಣಾತು, ಛಲೋ ಆತು. ನಮ್ಮ ಮಡಿವಾಳಿಗೆ ಹೇಣ್ತಿ ಹುಟ್ಟಿದ್ಲು. ಹೊರಗ ಹೆಣ್ಣ ಹುಡುಕೂದು ತಪ್ಪಿತು."

ಅಕ್ಕನ ಮಗಳನ್ನು ತಂದುಕೊಳ್ಳುವುದು ಆ ಕಡೆ ಹೊಸತಲ್ಲ. ಮಲ್ಲಕ್ಕ ಸ್ವತಃ ಸೋದರಮಾವನ ಕೈಹಿಡಿದು ಆ ಮನೆ ತುಂಬಿದವಳು. ಆದರೆ ಹಡೆದು ಸುಸ್ತಾಗಿ ಮಲಗಿದ್ದ ಅನ್ನವ್ವನಿಗೆ ಎಲ್ಲಿಂದಲೋ ಶಕ್ತಿ ಬಂತು.

"ಆಯಿ, ಕೂಸಿನ ಹೊಕ್ಕಳ ಇನ್ನೂ ಉದರಿಲ್ಲ. ಆಗಲೇ ಅಕ್ಕಿಕಾಳ ಹಾಕಾಕ ನಿಂತಿಯಲ್ಲ!"

"ಬಾಣಂತಿ ಭಾಳ ಮಾತಾಡಬಾರದು. ಬಾಯಾಗ ಗಾಳಿ ಹೊಕ್ಕೇತಿ," ಎಂದು ಮಲ್ಲಕ್ಕ ಅವಳ ತಲೆಗೆ ಬಿಳಿ ಬಟ್ಟೆ ಬಿಗಿದು, ಎರಡೂ ಕಿವಿಗೆ ಅರಳೆ ತುರುಕಿದಳು.

ಹೆರಿಗೆ ಮಾಡಿಸಿದ್ದು ಸರಕಾರಿ ನರ್ಸ್ ಶಾರದವ್ವ. ಕೈ ತೊಳೆದುಕೊಳ್ಳುತ್ತ ಆಕೆ, "ಕೂಸಿಗೆ ಈಗಿಂದೀಗ ಎದಿ ಕೊಡ್ರಿ. ಮೊದಲ್ನೇ ಹಾಲು ಚೆಲ್ಲಬ್ಯಾಡ್ರಿ ಮತ್ತ," ಎಂದಳು. "ಹೌದ್ರಿ ಬಾಯಾರ, ಹಂಗ ಮಾಡ್ತೇವ್ರಿ," ಎಂದು ಮಲ್ಲಕ್ಕ ಬಾಗಿಲವರೆಗೂ ಹೋಗಿ ಕಳಿಸಿ ಬಂದಳು. ಶಾರದವ್ವನ ಕೊಡೆ ಓಣಿಯ ತಿರುವಿನಲ್ಲಿ ಮರೆಯಾಗಿದ್ದೇ ತಡ, ಆ ಹಳದಿ ಗಟ್ಟಿ ಹಾಲನ್ನು ಒಂದು ಅರಿವೆಗೆ ಹಿಂಡಿ ತೆಗೆದಳು.

"ಇದು ಕೆಟ್ಟ ಹಾಲು. ಮೂರ ದಿನ ಕೂಸಿಗೆ ತೋರಸಬಾರದು."

ಎಮ್ಮೆ ಈದರೆ ಗಿಣ್ಣದ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚಿ ತಿನ್ನುವ ಜನ ಹೆಂಗಸಿನ ಗಿಣ್ಣವನ್ನು ಮಾತ್ರ ಬೂದಿಗೆ ಸುರಿಯುತ್ತಿದ್ದರು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಗೌರಕ್ಕನೂ ಕೇಳಲಿಲ್ಲ, ಅವಳ ಎರಡು ಬಾಣಂತನಗಳೂ ಹಾಗೆಯೇ ಆಗಿದ್ದವು. ಕೂಸಿಗೆ ಅರಳೆಯ ಬತ್ತಿಯಲ್ಲಿ ಬೆಲ್ಲದ ನೀರು ಹನಿಸಿದರು, ನಾಲಗೆಗೆ ಔಡಲ ಎಣ್ಣೆ ನೆಕ್ಕಿಸಿದರು.

ಅನ್ನವ್ವನ ಕೋಣೆಯ ಕಿಟಕಿಗೆ ಗೋಣಿಚೀಲ ಬಿತ್ತು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಬಂತು. ಒಣ ರೊಟ್ಟಿ, ಬಳ್ಳೊಳ್ಳಿ ಖಾರ, ಮೆಣಸಿನ ಸಾರು, ಅಂಟಿನ ಉಂಡೆ, ಉಂಡ ಮೇಲೆ ಎಲೆ ಅಡಿಕೆ. ಅನ್ನಕ್ಕೆ ಕಡಿಮೆ ಮಾಡಿದರು ಎನ್ನುವಂತಿಲ್ಲ. ತುಪ್ಪವನ್ನಂತೂ ಮಲ್ಲಕ್ಕ ಧಾರಾಳವಾಗಿ ಸುರಿಯುತ್ತಿದ್ದಳು. ಕಡಿಮೆ ಮಾಡಿದ್ದು ನೀರಿಗೆ. ಊಟಕ್ಕೆ ಒಂದು ಸಣ್ಣ ಬಟ್ಟಲು, ಅದೂ ಅಜವಾನ ಹಾಕಿ ಕುದಿಸಿದ್ದು.

"ನೀರ ಕುಡದ್ರ ಹೊಟ್ಟಿ ಜೋತ ಬೀಳತೇತಿ, ಕೂಸಿಗೆ ನೆಗಡಿ ಹಿಡೀತೇತಿ. ಬಾಯಿ ಒಣಗಿದ್ರ ಒಂದ ಲವಂಗ ಇಟಗೋ," ಎನ್ನುತ್ತಿದ್ದಳು ಮಲ್ಲಕ್ಕ.

ಕಡಲೆ ಕೀಳುವ ಕಾಲ. ಬಿಸಿಲು ಆಗಲೇ ಚುರುಕಾಗಿತ್ತು. ಹೊರಸಿನ ಕೆಳಗೆ ಕೆಂಡ, ಮೈಮೇಲೆ ಕೌದಿ. ಅನ್ನವ್ವನ ತುಟಿ ಬೇಸಿಗೆಯ ಎರೆನೆಲದ ಹಾಗೆ ಬಿರಿದವು.

"ಯವ್ವಾ, ಒಂದ ಗುಟುಕ ನೀರ ಕೊಡಬೇ."

"ನಿಮ್ಮ ಆಯಿನ್ನ ಕೇಳವ್ವ," ಎನ್ನುತ್ತಿದ್ದಳು ಗೌರಕ್ಕ. ಇಪ್ಪತ್ತು ವರ್ಷ ಆ ಮನೆಯಲ್ಲಿ ಬಾಳಿದ್ದರೂ ಅತ್ತೆಯ ಎದುರು ಅವಳ ಧೈರ್ಯ ಅಷ್ಟೇ ಇತ್ತು.

ನಾಲ್ಕನೆಯ ದಿನ ಅನ್ನವ್ವನ ಎದೆ ಕಲ್ಲಿನಂತೆ ಬಿಗಿದುಕೊಂಡಿತು, ಜ್ವರವೂ ಬಂತು. ಈಗ ಕೂಸನ್ನು ಎದೆಗೆ ಹಚ್ಚಿದರೆ ಅದಕ್ಕೆ ಹಿಡಿಯಲು ಬಾರದು. ಬತ್ತಿಯ ಬೆಲ್ಲದ ನೀರು ತಾನಾಗಿ ಬಾಯಿಗೆ ಬೀಳುತ್ತಿತ್ತು, ಇಲ್ಲಿ ಎಳೆಯಬೇಕು. ತುದಿಯನ್ನಷ್ಟೇ ವಸಡಿನಿಂದ ಕಚ್ಚಿ ಜಗ್ಗಿ ಜಗ್ಗಿ ಎರಡೂ ತೊಟ್ಟು ಒಡೆದು ರಕ್ತ ಬಂತು. ಕೂಸು ಬಾಯಿ ಹಾಕಿದಾಗೆಲ್ಲ ಅನ್ನವ್ವ ಹೊರಸಿನ ಹಗ್ಗ ಹಿಡಿದು ಹಲ್ಲು ಕಚ್ಚುತ್ತಿದ್ದಳು, ಕಣ್ಣೀರು ಕೂಸಿನ ನೆತ್ತಿಯ ಮೇಲೆ ಬೀಳುತ್ತಿತ್ತು. "ಬ್ಲೇಡ್ ತಗೊಂಡ ಕೊಯ್ದಂಗ ಆಗತೇತಿ ಯವ್ವಾ. ಎಲ್ಲಾರಿಗೂ ಹಿಂಗ ಆಗತೇತೇನ?" ಎಂದು ಕೇಳಿದಳು. ಗೌರಕ್ಕ ತುಪ್ಪ ಸವರಿದಳು. ಚೊಚ್ಚಲ ಬಾಣಂತನದಲ್ಲಿ ತನಗೂ ಹೀಗಾಗಿತ್ತೇ ಎಂದು ನೆನಪಿಸಿಕೊಳ್ಳಲು ನೋಡಿದಳು, ನೆನಪಾಗಲಿಲ್ಲ. ಆಗ ತಾನೇ ಇನ್ನೂ ಹುಡುಗಿ.

ಬಿಗುವು ಇಳಿದ ಮೇಲೆ ಹಾಲು ಹೆಚ್ಚುವ ಬದಲು ಕಡಿಮೆಯಾಯಿತು. ಕೂಸು ಹಗಲೆಲ್ಲ ಅಳತೊಡಗಿತು. ಮಲ್ಲಕ್ಕ ದೃಷ್ಟಿ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನೀರಿನ ಬಟ್ಟಲು ಮಾತ್ರ ಅಷ್ಟಕ್ಕೆ ಅಷ್ಟೇ ಇತ್ತು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕುಂದಗೋಳದಿಂದ ಅನ್ನವ್ವನ ಗಂಡ ಶಂಭುಲಿಂಗಪ್ಪ, ಅವನ ತಾಯಿ ನೀಲಗಂಗವ್ವ ಬಂದರು. ಶಂಕ್ರಪ್ಪ ಕಲಘಟಗಿಗೆ ಹೋಗಿ ಬಣ್ಣದ ತೊಟ್ಟಿಲು ತಂದಿದ್ದ. ನೀಲಗಂಗವ್ವ ತೊಟ್ಟಿಲು ಮೆಚ್ಚಿಕೊಂಡಳು, ಕೂಸನ್ನು ಎತ್ತಿ ಮುಖ ಸಣ್ಣ ಮಾಡಿದಳು.

"ಹತ್ತಿ ಎತ್ತಿದಂಗ ಹಗೂರ ಆಗತೇತಲ್ರಿ ಬೀಗರ. ಹುಡುಗಿಗೆ ಹಾಲ ಅದಾವೊ ಇಲ್ಲೊ?"

"ಬರ್ತಾವ್ರಿ, ಬರ್ತಾವು," ಎಂದಳು ಗೌರಕ್ಕ.

"ಯುಗಾದಿ ಮುಗಿಸಿ ಕರಕೊಂಡ ಹೋಗತೇವಿ. ಅಷ್ಟರಾಗ ಹಾಲ ಆಗದಿದ್ರ ಚಿಂತಿಲ್ಲ, ಡಬ್ಬಿ ಹಾಲು ಹಾಕೂಣು. ಈಗ ಪ್ಯಾಟಿಯೊಳಗ ಎಲ್ಲಾರೂ ಅದನ್ನ ಹಾಕ್ತಾರ. ಕೂಸಿನ್ನ ನಾ ನೋಡಕೋತೇನಿ, ಅಕಿ ಹೊಲಾ ಮನಿ ನೋಡಲಿ."

ಅತ್ತೆ ಮಾತಾಡಿ ಹೊರಗೆ ಹೋದ ಮೇಲೆ ಅನ್ನವ್ವ ತಾಯಿಯ ಕೈ ಗಟ್ಟಿಯಾಗಿ ಹಿಡಿದಳು. "ಡಬ್ಬಿ ಬ್ಯಾಡ ಯವ್ವಾ. ಡಬ್ಬಿ ಬಂತಂದ್ರ ಕೂಸು ಅವರದಾತು, ನಾ ಬರೇ ಹಡದಾಕಿ ಆಗತೇನಿ. ನನ್ನ ಕೂಸಿಗೆ ನಾನ ಕುಡಸ್ತೇನಿ. ಹೆಂಗರ ಮಾಡಬೇ."

ಹೆಂಗರ ಮಾಡು ಎಂದು ಮಗಳು ಕೈ ಹಿಡಿದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಗೌರಕ್ಕ ಸಬ್ಬಸಿಗೆ ಸೊಪ್ಪು ತಿನ್ನಿಸಿದಳು, ಕೊಬ್ಬರಿ ತಿನ್ನಿಸಿದಳು. ಬಾಜು ಮನೆಯ ಹಸನಬಿ ಸೊಪ್ಪು ಕೊಡಲು ಬಂದವಳು ಕೂಸಿನ ಅಳು ಕೇಳಲಾರದೆ, "ಗೌರಕ್ಕಾ, ನಿನ್ನ ಎದಿಯೊಳಗ ಹಾಲ ತುಂಬ್ಯಾವ. ಎರಡ ಗುಟುಕ ನೀ ಕೊಡಬಾರದೇನ?" ಎಂದುಬಿಟ್ಟಳು.

ಮಲ್ಲಕ್ಕ ಪಡಸಾಲೆಯಿಂದಲೇ ಗುಡುಗಿದಳು. "ಒಂದ ಎದಿ ಹಾಲ ಕುಡದ್ರ ಅಣ್ಣಾ-ತಂಗಿ ಆದಂಗ. ಆಮ್ಯಾಲೆ ನಮ್ಮ ಮಡಿವಾಳಿಗೆ ಹೆಣ್ಣ ನೀ ಹುಡಿಕಿ ಕೊಡತೀಯೇನ, ಹಸನಬಿ? ಗೌರಿ, ಹಂಗೇನರ ಮಾಡಿದಿ ಅಂದ್ರ ನನ್ನ ಹೆಣಾ ನೋಡ್ತಿ!"

ಅಲ್ಲಿಗೆ ಆ ಮಾತು ಮುಗಿಯಿತು. ಮುಗಿಯಬೇಕಿತ್ತು, ಆದರೆ ಹಾಲಿಗೆ ಅತ್ತೆಯ ಹೆದರಿಕೆ ಇಲ್ಲ. ಒಂದು ಮಧ್ಯಾಹ್ನ ಮಲ್ಲಕ್ಕ ಊಟ ಮಾಡಿ ಅಡ್ಡಾಗಿದ್ದಳು. ಗೌರಕ್ಕ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎರೆದು, ಅರಿವೆಯಲ್ಲಿ ಸುತ್ತಿ ಎತ್ತಿಕೊಂಡಳು. ಹಸಿದ ಕೂಸು ಅವಳ ಕುಪ್ಪಸದ ಮೇಲೆಯೇ ಬಾಯಿ ತೆರೆದು ತಡಕಾಡಿತು. ಏನು ಮಾಡಬೇಕೆಂದು ಗೌರಕ್ಕ ಯೋಚಿಸುವ ಮೊದಲೇ ಅವಳ ಎದೆ ತೊಯ್ದು ಹೋಯಿತು. ಕೂಸು ಗಪ್ಪನೆ ಹಿಡಿದು ಗಟಗಟ ಕುಡಿಯಿತು. ಕುಡಿದು, ಹುಟ್ಟಿದಾಗಿನಿಂದ ಮಲಗದ ಹಾಗೆ ಮಲಗಿತು. ಗೌರಕ್ಕನಿಗೆ ಸಂತೋಷವಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇದೊಂದು ಸಲ ಎಂದುಕೊಂಡಳು.

ಒಂದು ಸಲ ದಿನಕ್ಕೊಂದು ಸಲವಾಯಿತು, ಆಮೇಲೆ ದಿನಕ್ಕೆ ಮೂರು ಸಲ. ಎರೆಯುವಾಗ ಬಚ್ಚಲಲ್ಲಿ, ಎಳೆಬಿಸಿಲಿಗೆಂದು ಒಯ್ದಾಗ ಹಿತ್ತಿಲಿನಲ್ಲಿ, ಸಂಜೆ ದನದ ಕೊಟ್ಟಿಗೆಯ ಮರೆಯಲ್ಲಿ. ಕೂಸಿನ ಕೆನ್ನೆ ತುಂಬಿಕೊಂಡವು. ನರ್ಸ್ ಶಾರದವ್ವ ಬಂದು ಕೂಸನ್ನು ಜೋಳಿಗೆಯಲ್ಲಿ ತೂಗಿ, "ಭೇಷ್ ಅನ್ನವ್ವ! ಅಗದಿ ಛಲೋ ಕುಡಸಾಕತ್ತಿ," ಎಂದು ಬೆನ್ನು ತಟ್ಟಿ ಹೋದಳು. ಉಪ್ಪು ಮೆಣಸಿನಕಾಯಿಯ ಮಹಿಮೆ ಎಂದು ಮಲ್ಲಕ್ಕ ಬೀಗಿದಳು. ಅನ್ನವ್ವ ಮಾತ್ರ ತನ್ನ ಸಡಿಲ ಕುಪ್ಪಸ ನೋಡಿಕೊಂಡು, "ನನಗ ಹಾಲ ಬಂದಂಗ ಅನಸವಲ್ದಲ್ಲಬೇ. ಎದಿಗೆ ಹಚಗೊಂಡ್ರ ಮಾರಿ ಹೊಳ್ಳಸತೇತಿ. ಬೆನ್ನ ಸೆಟಸತೇತಿ," ಎಂದಳು. ಗೌರಕ್ಕ ನೆಲ ನೋಡಿದಳು.

ಹೊಟ್ಟೆ ತುಂಬಿದ ಕೂಸು ತಾಯಿಯ ಹತ್ತಿರ ಯಾಕೆ ಕಷ್ಟಪಟ್ಟೀತು? ಅದು ಎಳೆಯದಿದ್ದರೆ ಅಲ್ಲಿ ಹಾಲಾದರೂ ಎಲ್ಲಿಂದ ಬಂದೀತು? ಇಷ್ಟು ಸಣ್ಣ ವಿಷಯ ಗೌರಕ್ಕನಿಗೆ ಹೊಳೆಯಲಿಲ್ಲ. ಪ್ರೀತಿ ಮಾಡುತ್ತಿದ್ದೇನೆಂಬ ಹಿಗ್ಗಿನಲ್ಲಿ ಮಗಳ ಹಾಲನ್ನು ತಾನೇ ಬತ್ತಿಸುತ್ತಿದ್ದಳು.

ಯುಗಾದಿಗೆ ಇನ್ನು ಮೂರ್ನಾಲ್ಕು ವಾರ ಇರುವಾಗ ಅದು ಬಯಲಾಯಿತು. ಶಂಕ್ರಪ್ಪ ಹತ್ತಿ ಬಿಡಿಸುವ ಆಳುಗಳ ಜೊತೆ ಹೊಲಕ್ಕೆ ಹೋಗಿದ್ದ. ಮಲ್ಲಕ್ಕ, ಅವಳ ಬಾಜು ಮಡಿವಾಳೆಪ್ಪ, ಪಡಸಾಲೆಯಲ್ಲಿ ಮಲಗಿದ್ದರು. ಅನ್ನವ್ವನಿಗೆ ನಾಲಗೆ ಅಂಗುಳಕ್ಕೆ ಅಂಟಿಕೊಂಡಂತಾಗಿ ತಡೆಯಲಾಗಲಿಲ್ಲ. ಬಾಣಂತಿ ಹೊಸ್ತಿಲು ದಾಟಬಾರದು ಎಂಬುದನ್ನು ಮರೆತು, ಗೋಡೆ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಬಚ್ಚಲಿಗೆ ಹೋದಳು. ಹಂಡೆಯ ಪಕ್ಕದ ಕೊಡದಲ್ಲಿ ಕೆರೆಯ ತಣ್ಣೀರು ಇರುತ್ತಿತ್ತು. ಎರಡು ಬೊಗಸೆ ಕದ್ದು ಕುಡಿಯೋಣವೆಂದು ಬಾಗಿಲ ಚಾಪೆ ಸರಿಸಿದರೆ, ಒಳಗೆ ತಾಯಿ ಒದ್ದೆ ನೆಲದ ಮೇಲೆ ಕೂತಿದ್ದಾಳೆ. ಎದೆಯಲ್ಲಿ ಕೂಸು.

ಕೂಸು ಕುಡಿಯುವ ಸದ್ದೊಂದೇ.

"ಹೊರಗ ಯಾಕ ಬಂದೆವ್ವ?" ಎಂದಳು ಗೌರಕ್ಕ ಕೊನೆಗೆ. ಅಂಥ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅದು.

"ನಾ ನೀರ ಕದಿಯಾಕ ಬಂದೆ. ನೀ?"

"ಹಸದಿತ್ತ ಅನ್ನವ್ವಾ... ಅಳ್ತಿತ್ತು..."

"ಹಸದ್ರ ನನ್ನ ಹಂತೇಕ ಬರತಿತ್ತಲ್ಲಬೇ! ನೀ ಅದನ್ನ ಹಸೀಗೊಡಲೇ ಇಲ್ಲ. ನಾ ಅಲ್ಲಿ ನನ್ನ ಹಣೇಬಾರ ಬೈಕೋತ ಕುಂತೇನಿ, ನೀ ಇಲ್ಲಿ..." ಅನ್ನವ್ವನಿಗೆ ಅಳು ಉಕ್ಕಿತು. "ಕುಂದಗೋಳಕ್ಕ ಹೋದ ಮ್ಯಾಲೆ ಅದಕ್ಕ ಯಾರ ಕುಡಸ್ತಾರ? ನೀ ಬರ್ತಿಯೇನ ನನ್ನ ಹಿಂದ? ಡಬ್ಬಿ ತರಸಾಕ ನೀನ ಹಾದಿ ಮಾಡಿಕೊಟ್ಟೆಲ್ಲ ಯವ್ವಾ!"

ಗೌರಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ತಬ್ಬಿಬ್ಬಾಗಿ ಕೂಸನ್ನು ಎದೆಯಿಂದ ಬಿಡಿಸಿದಳು. ಅದು ಕಿಟಾರನೆ ಕಿರುಚಿತು. ಅನ್ನವ್ವ ಕೊಡದಿಂದ ಚರಿಗೆ ತುಂಬಿಕೊಳ್ಳುವಷ್ಟರಲ್ಲಿ ಆ ಕಿರುಚಾಟಕ್ಕೆ ಮಲ್ಲಕ್ಕ ಎದ್ದು ಬಂದಳು. ಬಾಣಂತಿ ಬರಿಗಾಲಲ್ಲಿ ಬಚ್ಚಲಲ್ಲಿ, ಕೈಯಲ್ಲಿ ತಣ್ಣೀರಿನ ಚರಿಗೆ; ಸೊಸೆಯ ಕುಪ್ಪಸ ಬಿಚ್ಚಿದೆ. ಮುದುಕಿಗೆ ಯಾವುದಕ್ಕೆ ಮೊದಲು ಬೈಯಬೇಕೆಂದೇ ತಿಳಿಯಲಿಲ್ಲ.

"ಮುಗೀತು," ಎಂದು ಹಣೆ ಬಡಿದುಕೊಂಡಳು. "ನಮ್ಮ ಮಡಿವಾಳಿ ಲಗ್ನ ಮುಗೀತು. ಅಣ್ಣಾ-ತಂಗಿ ಮಾಡಿ ಕುಂದರಿಸಿದೆಲ್ಲ ಗೌರಿ!"

"ಅದೊಂದ ಛಲೋ ಆತು!" ಎಂದು ಅನ್ನವ್ವ ಅಳುತ್ತಲೇ ಹೇಳಿ, ಅಜ್ಜಿಯ ಕಣ್ಣೆದುರೇ ಚರಿಗೆ ಎತ್ತಿ ಗಟಗಟ ಕುಡಿದಳು. ಮಲ್ಲಕ್ಕ ಕಸಿಯಲು ಕೈ ಚಾಚಿದಳು. ಗೌರಕ್ಕ ನಡುವೆ ನಿಂತಳು. ಆ ಮನೆಯಲ್ಲಿ ಅವಳು ಹಾಗೆ ನಿಂತದ್ದು ಅದೇ ಮೊದಲು.

ಸಂಜೆ ಶಂಕ್ರಪ್ಪ ಊಟಕ್ಕೆ ಕೂತಾಗ ಮೂವರು ಹೆಂಗಸರ ಮೂರು ದೂರು ಒಟ್ಟಿಗೆ ಅವನ ತಾಟಿಗೆ ಬಿದ್ದವು. ಅವನು ರೊಟ್ಟಿಗೆ ಜುಣಕ ಹಚ್ಚಿಕೊಳ್ಳುತ್ತ ಎಲ್ಲ ಕೇಳಿದ. ಜಾಣ ಮಾತಾಡುವವನಲ್ಲ ಅವನು, ತಿಳಿದದ್ದು ಹೇಳುವವನು.

"ಯವ್ವಾ, ಮನ್ನಿ ನಾ ಎಮ್ಮಿನ್ನ ಕೆರಿಗೆ ಹೊಡಕೊಂಡ ಹೋಗೂದ ತಡಾ ಮಾಡಿದ್ದಕ್ಕ ನನ್ನ ಹೆಂಗ ಬೈದಿ? ನೀರಿಲ್ಲದ ಎಮ್ಮಿ ಏನ ಹಿಂಡೀತಲೇ, ಅಂದಿ. ಹೌದಿಲ್ಲೊ?"

"ಹೌದು. ಅದಕ್ಕೇನೀಗ?"

"ಎಮ್ಮಿಗೊಂದು ನ್ಯಾಯ, ನನ್ನ ಮಗಳಿಗೊಂದು ನ್ಯಾಯ ಏನಬೇ?"

ಗೌರಕ್ಕನಿಗೆ ಬಂದ ನಗು ಹಲ್ಲಿನ ಹಿಂದೆಯೇ ಸತ್ತಿತು. ಮಲ್ಲಕ್ಕನ ಮುಖ ಬಿಳುಚಿಕೊಂಡಿತ್ತು. ಎದುರಿನ ತಾಟು ಸರಿಸಿಬಿಟ್ಟಳು.

"ಹಂಗಾರ ನಾ ಮಾಡಿದ್ದೆಲ್ಲಾ ತಪ್ಪಂತೀಯೇನಲೇ? ಎಲ್ಲಾ? ಮೊದಲಿನಿಂದ?"

"ಅಷ್ಟ್ಯಾಕ ಸಿಟ್ಟ ಮಾಡತೀಬೇ, ನೀರಿಂದಿಷ್ಟ ಹೇಳಿದೆ..."

"ಎಲ್ಲಾ ತಪ್ಪಂದ್ರ..." ಮುದುಕಿಯ ದನಿ ಒಡೆಯಿತು. ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತಳು, ಕರೆದರೂ ಒಳಗೆ ಬರಲಿಲ್ಲ. ಎಮ್ಮೆಯ ಒಂದು ಮಾತಿಗೆ ಇಷ್ಟು ಯಾಕೆ ಎಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮರುದಿನ ಗೌರಕ್ಕ ತಾನೇ ನರ್ಸ್ ಶಾರದವ್ವನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡಳು. ಶಾರದವ್ವ ತಲೆ ಮೇಲೆ ಕೈ ಹೊತ್ತಳು.

"ಎಂಥಾ ಕೆಲಸ ಮಾಡಿದ್ರಿ ಗೌರಕ್ಕ! ನಾ ಬ್ಯಾರೆ ಅಕಿ ಬೆನ್ನ ತಟ್ಟಿ ಬಂದೇನಿ."

"ಇನ್ನ ಹಾಲ ಹೊಳ್ಳಿ ಬರಂಗಿಲ್ಲೇನ್ರಿ ಬಾಯಾರ?"

"ಬಂದೀತು. ಖಾತ್ರಿ ನಾ ಕೊಡಂಗಿಲ್ಲ, ಪ್ರಯತ್ನ ಮಾಡೂಣು. ಅಕಿ ಬಾಯಾರಿದಾಗೆಲ್ಲ ನೀರ ಕುಡೀಲಿ. ಆ ಕೆಂಡ ತಗೀರಿ, ಕಿಟಕಿ ತಗೀರಿ. ಕೂಸಿನ್ನ ಹೊತ್ತಿಲ್ಲ ವ್ಯಾಳೆ ಇಲ್ಲ, ಮತ್ತ ಮತ್ತ ಎದಿಗೆ ಹಚ್ಚಲಿ, ಅರೆನಿದ್ದಿಯೊಳಗೂ ಹಚ್ಚಲಿ. ಬರೇ ತೊಟ್ಟಲ್ಲ, ಬಾಯಿ ತುಂಬ ಕರೇ ಭಾಗನೂ ಹೋಗಬೇಕು. ನಾ ಬಂದ ತೋರಸ್ತೇನಿ. ಅಲ್ಲೀತನಕ ಕೂಸು ಉಪಾಸ ಇರಬಾರದು, ನಿಮ್ಮ ಹಾಲ ಹಿಂಡಿ ಮೂತಿ ಇರೂ ಸಣ್ಣ ಒಳ್ಳಿಲೇ ಕೂಸಿನ ಬಾಯಿಗೆ ಹಾಕ್ರಿ. ಆದರ ನೀವು ಮಾತ್ರ ಎದಿಗೆ ಹಚಗೋಬ್ಯಾಡ್ರಿ. ಹಗಲೆಲ್ಲ ಅದರ ಕಣ್ಣಿಗೇ ಬೀಳಬ್ಯಾಡ್ರಿ. ನಿಮ್ಮ ವಾಸನಿ ಹತ್ತಿದ್ರ ಅದು ಅಕಿ ಕಡೆ ಹೊಳ್ಳಂಗಿಲ್ಲ."

ಹೀಗಾಗಿ ಗೌರಕ್ಕ ಹತ್ತಿ ಬಿಡಿಸಲು ಹೊಲಕ್ಕೆ ಹೊರಟಳು. ಬೆಳಿಗ್ಗೆ ಬಟ್ಟಲಿಗೆ ಹಾಲು ಹಿಂಡಿಟ್ಟು, ಮಡಿವಾಳೆಪ್ಪನನ್ನು ಕಂಕುಳಲ್ಲಿ ಇಟ್ಟುಕೊಂಡು, ಕೂಸಿನ ಕಡೆ ನೋಡದೆ ಹೊಸ್ತಿಲು ದಾಟುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ಅನ್ನವ್ವ ಮತ್ತು ಮಲ್ಲಕ್ಕ. ಮುದುಕಿ ಯಾರ ಜೊತೆಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಮೊದಲ ದಿನ ನೀರಿನ ತಂಬಿಗೆಯನ್ನು ಕೋಣೆಯ ಹೊಸ್ತಿಲಲ್ಲಿ ಕುಕ್ಕಿ, "ಕುಡಿ, ಎಷ್ಟ ಬೇಕ ಅಷ್ಟ ಕುಡಿ. ನಾಳೆ ಹೊಟ್ಟಿ ಜೋತ ಬಿತ್ತಂದ್ರ ನನ್ನ ಹೆಸರ ಹೇಳಬ್ಯಾಡ," ಎಂದು ಹೋಗಿದ್ದಳಂತೆ.

ಹೊಲದಲ್ಲಿ ಗೌರಕ್ಕನ ಕೈ ಹತ್ತಿ ಬಿಡಿಸುತ್ತಿತ್ತು, ಕಿವಿ ಊರ ಕಡೆಗಿತ್ತು. ಅಲ್ಲಿಂದ ಕೂಸಿನ ಅಳು ಕೇಳುವಂತಿರಲಿಲ್ಲ, ಆದರೂ ಹೊತ್ತು ಹೊತ್ತಿಗೆ ಎದೆ ಉಕ್ಕಿ ಕುಪ್ಪಸ ತೊಯ್ದು ಸೆರಗಿನವರೆಗೆ ಹಸಿಯಾಗುತ್ತಿತ್ತು. ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸುತ್ತಿದ್ದ ಹಸನಬಿ ನೋಡಿ ನೋಡದಂತೆ ತನ್ನ ಉಡಿಯ ಅರಿವೆ ಕೊಡುತ್ತಿದ್ದಳು. "ಅತ್ತಬಿಡು ಗೌರಕ್ಕ, ಇಲ್ಲಿ ಯಾರ ನೋಡ್ತಾರ," ಎಂದಳು ಒಮ್ಮೆ. ಗೌರಕ್ಕ ಅತ್ತಳು. ಕೊಡಲು ಇಲ್ಲದೆ ಅಳುವವರನ್ನು ಅವಳು ಬೇಕಾ‌ದಷ್ಟು ಕಂಡಿದ್ದಳು. ಇದ್ದೂ ಕೊಡಬಾರದೆಂಬ ಸಂಕಟ ಅವಳಿಗೆ ಹೊಸದು.

ಸಂಜೆ ಓಣಿ ಹೊಕ್ಕರೆ ಕೂಸಿನ ಅಳು ಎದುರುಗೊಳ್ಳುತ್ತಿತ್ತು. ಅನ್ನವ್ವನ ದನಿ ಕೂಗಿ ರಮಿಸಿ ಬಿದ್ದುಹೋಗಿತ್ತು. "ಬಾಯಾಗ ಇಟ್ಟರ ಒದರತೇತಿ ಯವ್ವಾ. ನನ್ನ ಕಂಡ್ರ ಆಗಂಗಿಲ್ಲ ಅದಕ್ಕ," ಎನ್ನುವಳು. ಒಂದು ದಿನ, "ಸಾಕಬೇ. ಡಬ್ಬಿನ ತರಸರಿ," ಎಂದೂ ಅಂದಳು. ಆಗ ಅಡುಗೆಮನೆಯಿಂದ ಮಲ್ಲಕ್ಕ, "ಡಬ್ಬಿ ಅಂದಿ ಅಂದ್ರ ನಾಲಿಗಿ ಸುಡತೇನಿ. ಈ ನೀರ ಕುಡಿ ಮೊದಲ," ಎಂದು ಕೂಗಿದಳು. ಈ ಸಲ ತಂಬಿಗೆ ಹೊಸ್ತಿಲಲ್ಲಿ ಕೂರಲಿಲ್ಲ, ಮೊಮ್ಮಗಳ ಕೈಗೇ ಬಂತು. ಗೌರಕ್ಕ ಅದನ್ನು ಗಮನಿಸಿದಳು.

ವಾರ ಕಳೆದ ಮೇಲೆ ಒಂದು ಸಂಜೆ ಓಣಿ ಹೊಕ್ಕಾಗ ಅಳು ಕೇಳಲಿಲ್ಲ. ಕೂಸಿಗೇನಾಯಿತೋ ಎಂದು ಗೌರಕ್ಕ ಹತ್ತಿಯ ಗಂಟು ಅಂಗಳದಲ್ಲಿ ಒಗೆದು ಓಡಿದಳು. ಕೋಣೆಯ ಬಾಗಿಲಿಗೆ ಅಡ್ಡವಾಗಿ ಮಲ್ಲಕ್ಕ ಕೂತಿದ್ದಳು, ತುಟಿಯ ಮೇಲೆ ಬೆರಳಿಟ್ಟುಕೊಂಡು.

"ಅಲ್ಲೇ ನಿಲ್ಲು. ಒಳಗ ಬರಬ್ಯಾಡ. ಉಣ್ಣಾಕತ್ತೇತಿ."

ಕಿಟಕಿಯ ಗೋಣಿಚೀಲ ತೆಗೆದು ಎಷ್ಟೋ ದಿನವಾಗಿತ್ತು. ಸಂಜೆಯ ಬೆಳಕು ಹೊರಸಿನ ಮೇಲಿತ್ತು. ಅನ್ನವ್ವ ಗೋಡೆಗೆ ಒರಗಿ ಅಲ್ಲಾಡಿದರೆ ಏನಾದೀತೋ ಎಂಬಂತೆ ಬಿಗಿಯಾಗಿ ಕೂತಿದ್ದಳು. ಗುಟುಕು, ಉಸಿರು, ಗುಟುಕು. ಅನ್ನವ್ವ ತಲೆಯೆತ್ತಿ ತಾಯಿಯನ್ನು ನೋಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. ಗೌರಕ್ಕ ಅಲ್ಲಿಯೇ ಗೋಡೆಗೆ ಆತು ಕೂತಳು. ಅವಳ ಕುಪ್ಪಸ ಮತ್ತೆ ತೊಯ್ದಿತ್ತು. ಈ ಸಲ ಅವಳಿಗೆ ಅದರ ಪರಿವೆಯೂ ಇರಲಿಲ್ಲ.

ಅಲ್ಲಿಂದ ಎಲ್ಲ ಸಲೀಸಾಯಿತೆಂದು ಹೇಳಿದರೆ ಸುಳ್ಳಾದೀತು. ಒಂದು ದಿನ ಕುಡಿದರೆ ಒಂದು ದಿನ ಹಟ ಮಾಡಿತು. ಒಂದು ಕಡೆ ಗಂಟು ಕಟ್ಟಿ, ಬಿಸಿ ಅರಿವೆ ಒತ್ತಿ ಒತ್ತಿ ಇಳಿಸಬೇಕಾಯಿತು. ಆದರೂ ಮೂತಿಯ ಒಳ್ಳೆಯಿಂದ ಹಾಕುವ ಹಾಲು ದಿನದಿನಕ್ಕೆ ಕಡಿಮೆಯಾಗಿ, ಯುಗಾದಿಯ ಬೇವು ಬೆಲ್ಲದ ಹೊತ್ತಿಗೆ ಆ ಒಳ್ಳೆಯನ್ನು ತೊಳೆದು ಗೋಡೆಯ ಮಾಡದಲ್ಲಿ ಇಟ್ಟಾಗಿತ್ತು.

ಹಬ್ಬ ಮುಗಿದ ಮೇಲೆ ನೀಲಗಂಗವ್ವ ಮಗನನ್ನು ಕರೆದುಕೊಂಡು ಬಂದಳು. ಚೀಲದಲ್ಲಿ ಡಬ್ಬಿ ಹಾಲು ಇತ್ತು, ಹೊಸ ಬಾಟಲಿಯೂ ಇತ್ತು. ಹೋಳಿಗೆ ಊಟವಾಯಿತು. ತೊಟ್ಟಿಲಲ್ಲಿ ಕೂಸು ಎದ್ದು ಕುಂಯ್ ಎನ್ನುವಷ್ಟರಲ್ಲಿ ಅನ್ನವ್ವ ಎತ್ತಿಕೊಂಡು ಸೆರಗಿನಡಿ ಹಾಕಿಕೊಂಡಳು. ನೀಲಗಂಗವ್ವ ಬಗ್ಗಿ ನೋಡಿದಳು, ತುಂಬಿದ ಕೆನ್ನೆ ಮುಟ್ಟಿದಳು, ಡಬ್ಬಿಯನ್ನು ಚೀಲದೊಳಗೆ ಸ್ವಲ್ಪ ಒಳಕ್ಕೆ ಸರಿಸಿದಳು.

"ಮೊಮ್ಮಗಳಿಗೆ ಹೊರಗ ವರ ನೋಡ್ರಿ ಬೀಗರ," ಎಂದಳು ಮಲ್ಲಕ್ಕ. "ನಮ್ಮ ಕಡಿಂದ ಲಗ್ನ ಮುರದೇತಿ." ಬೀಗರಿಗೆ ಆ ಮಾತು ಅರ್ಥವಾಗಲಿಲ್ಲ, ಅನ್ನವ್ವ ಮಾತ್ರ ಸೆರಗಿನಲ್ಲಿ ನಕ್ಕಳು.

ಕೂಸು ಕುಡಿಯತೊಡಗಿದ್ದೇ ಅನ್ನವ್ವನಿಗೆ ಬಾಯಾರಿತು. ಹಾಲು ಇಳಿಯುವಾಗಲೆಲ್ಲ ಹಾಗೆ ಆಗುತ್ತಿತ್ತು. ಬಾಜುವಿನ ತಂಬಿಗೆ ಎತ್ತಿ ಪೂರ್ತಿ ಕುಡಿದು, "ಯವ್ವಾ, ಇನ್ನಷ್ಟ ಕೊಡಬೇ," ಎಂದಳು. ನೀಲಗಂಗವ್ವನ ಹುಬ್ಬು ಮೇಲೇರಿದವು.

"ಅಯ್ಯ ಶಿವನ! ಹಸೀ ಬಾಣಂತಿಗೆ ತಂಬಿಗಿಗಟ್ಟಲೆ ತಣ್ಣೀರೇನ್ರಿ? ನಮ್ಮ ಮನಿಯಾಗ ಇದು ನಡಿಯಂಗಿಲ್ಲ. ಈಗ ಹೇಳೇನಿ, ಆಮ್ಯಾಲೆ ಅನಬ್ಯಾಡ್ರಿ."

ಅನ್ನವ್ವನ ಮುಖ ಇಳಿಯಿತು. ಇಷ್ಟು ದಿನದ ಕಷ್ಟವೆಲ್ಲ ಕುಂದಗೋಳದ ಹೊಸ್ತಿಲಲ್ಲಿ ಚೆಲ್ಲಿಹೋಗುವುದು ಗೌರಕ್ಕನ ಕಣ್ಣಿಗೆ ಕಟ್ಟಿತು.

"ನಮ್ಮ ಮನಿಯಾಗೂ ನಡೀತಿರಲಿಲ್ರಿ," ಎಂದಳು ಮಲ್ಲಕ್ಕ. ದನಿ ದೊಡ್ಡದು ಮಾಡಲಿಲ್ಲ. "ನಾನ ನಡೀಗೊಟ್ಟಿರಲಿಲ್ಲ. ನಮ್ಮತ್ತಿ ನನಗ ಕೊಟ್ಟಿರಲಿಲ್ಲ, ಅದಕ್ಕ ನಾ ಯಾರಿಗೂ ಕೊಡಲಿಲ್ಲ. ಈ ಶಂಕ್ರಪ್ಪ ಹುಟ್ಟೂಕಿಂತ ಮೊದಲ ಎರಡ ಹಡದಿದ್ದೆ. ಒಂದ ಗಂಡು, ಒಂದ ಹೆಣ್ಣು. ಇಕಿಗೆ ಹಾಲ ಇಲ್ಲ, ಇಕಿ ಹಣೇದಾಗ ಬರದಿಲ್ಲ ಅಂದ್ರು. ಹೌದಂತ ನಾನೂ ನಂಬಿದೆ. ಎರಡನ್ನೂ ಹೊಲದ ಬದುವಿಗೆ ಹುಗದ ಬಂದೇವಿ."

ಶಂಕ್ರಪ್ಪ ತಾಯಿಯನ್ನೇ ನೋಡುತ್ತ ನಿಂತ. ಅವನ ಬದುಕಿನಲ್ಲಿ ಈ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಗೌರಕ್ಕನಿಗೆ ಆ ಸಂಜೆಯ ಸರಿಸಿದ ತಾಟು, ಒಡೆದ ದನಿ, ಎರಡರ ಅರ್ಥವೂ ಈಗ ತಿಳಿಯಿತು.

"ನೀರ ಕೊಡತೇನಂತ ಹೇಳಿ ಹುಡುಗಿನ್ನ ಕರಕೊಂಡ ಹೋಗ್ರಿ ಬೀಗರ," ಎಂದಳು ಮಲ್ಲಕ್ಕ. "ಇಲ್ಲಾಂದ್ರ ಇಲ್ಲೇ ಬಿಟ್ಟ ಹೋಗ್ರಿ. ನಾ ಸಾಯೂ ತನಕ ನಾನ ನೀರ ಹಾಕ್ತೇನಿ."

ನೀಲಗಂಗವ್ವ ಮುದುಕಿಯ ಮುಖ ನೋಡಿದಳು. ಆಮೇಲೆ ಎದ್ದು, ಬೀಗರ ಮನೆಯೆಂಬ ಬಿಗುಮಾನ ಬಿಟ್ಟು, ತಾನೇ ಅಡುಗೆಮನೆಗೆ ಹೋಗಿ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದಳು. ಅನ್ನವ್ವ ಈಗ ಕೂಸನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ನೀಲಗಂಗವ್ವ ಬಾಜು ಕೂತು ತಂಬಿಗೆಯನ್ನು ಸೊಸೆಯ ತುಟಿಗೆ ಹಿಡಿದಳು.

"ಸಾವಕಾಶ ಕುಡಿಯವ್ವ," ಎಂದಳು. "ಕೂಸು ಬೆದರೀತು."